ಧಾರವಾಡಕ್ಕೆ ಹೋದ ಟವೆಲ್ಲು

ಕಿಟಕಿಯಿಂದ ಒಳಗೆ ಟವೆಲ್ಲು ಒಗೆದು ಬಸ್ಸಿನ ಸೀಟು ಹಿಡಿಯುವುದರಲ್ಲಿ ನಮ್ಮ ಕುಷ್ಟಗಿಯವರನ್ನು ಮೀರಿಸುವವರಿಲ್ಲ ಎಂದು ನನ್ನ ನಂಬಿಕೆ. ಟವೆಲ್ಲು ಕೂತಿತೆಂದರೆ ಮನುಷ್ಯ ಕೂತ ಹಾಗೆಯೇ. ಆಮೇಲೆ ನಿಶ್ಚಿಂತೆಯಿಂದ ಚಹಾ ಕುಡಿಯಬಹುದು, ಬೀಗರ ಯೋಗಕ್ಷೇಮ ಕೇಳಬಹುದು. ಈ ನಂಬಿಕೆಯಿಂದಲೇ ನನ್ನ ಎಂ.ಎ. ಹೀಗಾಯಿತು.

ನಾನು ಓದಿದ್ದೇ ತಡವಾಗಿ. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ತೂಗುತ್ತಲೇ ಹತ್ತನೆಯದು ಮುಗಿಸಿದೆ, ತೂಗುತ್ತಲೇ ಬಿ.ಎ. ಪರೀಕ್ಷೆಗೆ ಕಟ್ಟಿದೆ. ಕಾಲೇಜಿನ ಬೆಂಚಿನ ಮೇಲೆ ನಾನು ಕೂತದ್ದು ಪರೀಕ್ಷೆಯ ದಿನಗಳಲ್ಲಿ ಮಾತ್ರ, ಅದೂ ಬೆವರುತ್ತಾ. ಇತಿಹಾಸದ ಹುಚ್ಚು ಹತ್ತಿಸಿದ್ದು ಕೊಪ್ಪಳದ ಗುಡ್ಡ. ಅಲ್ಲಿ ಬಂಡೆಯ ಮೇಲೆ ಅಶೋಕನ ಕಾಲದ ಅಕ್ಷರಗಳಿವೆ. ಅತ್ತೆ ಮನೆಗೆಂದು ಕೊಪ್ಪಳಕ್ಕೆ ಹೋದಾಗಲೆಲ್ಲ ಗುಡ್ಡ ಹತ್ತಿ ಅವನ್ನು ಬೆರಳಿನಿಂದ ಸವರಿ ಬರುತ್ತಿದ್ದೆ. ಅಷ್ಟು ದೊಡ್ಡ ರಾಜ ನಮ್ಮ ಕಡೆಯವರಿಗೆಂದೇ ಏನೋ ಹೇಳಿ ಹೋಗಿದ್ದಾನೆ, ನನಗೋ ಓದಲು ಬಾರದು. ಒಬ್ಬರು ಮಾಸ್ತರರು ಹಲಗೆಯ ಮೇಲೆ ಆ ಅಕ್ಷರಗಳನ್ನು ಒಂದೊಂದಾಗಿ ಬರೆದು ತೋರಿಸಬೇಕು, ನಾನು ಬೆಂಚಿನ ಮೇಲೆ ಕೂತು ತಿದ್ದಬೇಕು. ಆಸೆ ಇಷ್ಟೇ.

ಎಂ.ಎ.ಗೆ ಮಿಲ್ಲಿನ ಸಾಹುಕಾರರು ಮೈಸೂರಿನ ಅಂಚೆ ಕೋರ್ಸೇ ಛಲೋ ಎಂದರು. ತೂಕದ ಕೆಲಸ ನಿಲ್ಲುವುದಿಲ್ಲವಲ್ಲ. ನನ್ನ ಮನಸ್ಸು ಮಾತ್ರ ಧಾರವಾಡದ ವಿಶ್ವವಿದ್ಯಾಲಯದಲ್ಲಿತ್ತು. ಹೆಂಡತಿ ಗಂಗವ್ವ ಒಂದೇ ಮಾತಿನಲ್ಲಿ ಮುಗಿಸಿದಳು.

"ಹೋಗಿ ಕಲತು ಬರ್ರಿ. ಎಮ್ಮಿ, ಮನಿ ನಾ ನೋಡ್ಕೋತೀನಿ. ದಿನಾ ಆ ಕಲ್ಲಿನ ಸುದ್ದಿ ಕೇಳೂದಾದ್ರೂ ತಪ್ಪತೈತಿ."

ನಾನು ಹೊರಟ ದಿನವೇ ಅರ್ಜಿ ಕೊಡಲು ಕೊನೆಯ ದಿನ. ಧಾರವಾಡದ ಬಸ್ಸು ಬಂತು. ಹೆಗಲ ಮೇಲಿನ ಟವೆಲ್ಲು ಒಗೆದೆ, ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಅಷ್ಟರಲ್ಲಿ ಹನುಮಸಾಗರದ ನನ್ನ ಸೋದರಮಾವ ಬಸಣ್ಣ ಎದುರಾದರು. ಮಾವನದು ಅರಿವೆ ಅಂಗಡಿ. ನಾಲ್ಕು ಸೀರೆ ಬಿಚ್ಚಿ ಹರವದೆ ಒಂದನ್ನೂ ಮಾರಿದವರಲ್ಲ. ಧಾರವಾಡ ಎಂದ ಕೂಡಲೇ ಗುಲಬರ್ಗಾವನ್ನು ಬಿಚ್ಚಿದರು. ಅದು ನಮ್ಮ ವಿಭಾಗವಂತೆ, ಅಲ್ಲಿ ನಮ್ಮ ಮಂದಿ ಇದ್ದಾರಂತೆ, ರೊಟ್ಟಿಯೂ ದೊಡ್ಡದಂತೆ. ಮಾತಾಡುತ್ತಿರುವಾಗಲೇ ಗುಲಬರ್ಗಾದ ಬಸ್ಸೂ ಬಂತು. ಮಾವ ನನ್ನ ಜೇಬಿನ ಕರವಸ್ತ್ರ ಎಳೆದು ಆ ಬಸ್ಸಿನೊಳಗೆ ಒಗೆದೇ ಬಿಟ್ಟರು.

"ಸೀಟ್ ಹಿಡದಿರ್ಲಿ. ಮನಸ್ಸು ಆಮ್ಯಾಲ ಮಾಡೀಯಂತ."

ಆ ಗಳಿಗೆಯಲ್ಲಿ ಅದು ಬಹಳ ವಿವೇಕದ ಮಾತಾಗಿ ಕಂಡಿತು. ಎರಡು ದೋಣಿಯಲ್ಲಿ ಕಾಲಿಟ್ಟವರ ಗತಿ ಎಲ್ಲರಿಗೂ ಗೊತ್ತು. ನನ್ನ ಕಾಲುಗಳು ನೆಲದ ಮೇಲೇ ಇದ್ದವು. ಮೊದಲು ಗುಲಬರ್ಗಾದ ಬಸ್ಸು ಹೊರಟಿತು. ಹಿಂದೆಯೇ ಧಾರವಾಡದ್ದು. ಓಡಿದ್ದರೆ ಸಿಗುತ್ತಿತ್ತು. ಆದರೆ ಮಾವನ ಮಾತಿನ್ನೂ ಮುಗಿದಿರಲಿಲ್ಲ, ಹಿರಿಯರ ಮಾತನ್ನು ಅರ್ಧಕ್ಕೆ ಬಿಟ್ಟು ಓಡುವುದು ನಮ್ಮಲ್ಲಿ ಪದ್ಧತಿಯಲ್ಲ. ಕಿಟಕಿಯಿಂದ ಒಬ್ಬ ಮುದುಕಿ ನನ್ನ ಟವೆಲ್ಲು ಹೊರಗೆ ಹಿಡಿದು ಅಲ್ಲಾಡಿಸಿದಳು.

"ಯಾರ್ದಪಾ ಇದು?"

ನನ್ನದು ಎನ್ನುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಮುಂದಿನ ಬಸ್ಸು ಹತ್ತಿದರೆ ಮುಟ್ಟುವುದರೊಳಗೆ ಕಚೇರಿ ಮುಚ್ಚಿರುತ್ತಿತ್ತು.

ಹೀಗೆ ಮೈಸೂರಿನಿಂದ ಅಂಚೆಯಲ್ಲಿ ಎಂ.ಎ. ಆದೆ. ಸಾಮ್ರಾಜ್ಯಗಳು ಯಾಕೆ ಬಿದ್ದವು ಎಂದು ಈಗ ಪುಟಗಟ್ಟಲೆ ಬರೆಯಬಲ್ಲೆ. ಬಂಡೆಯ ಅಕ್ಷರ ಮಾತ್ರ ಅಂಚೆಯಲ್ಲಿ ಬರಲಿಲ್ಲ. ಅದನ್ನು ಇಂದಿಗೂ ಬೆರಳಿನಿಂದ ಸವರಿಯೇ ಬರುತ್ತೇನೆ. ಧಾರವಾಡದ ಬಸ್ಸು ಕಂಡರೆ ಕೈ ತಾನಾಗಿಯೇ ಹೆಗಲಿಗೆ ಹೋಗುತ್ತದೆ. ಅದನ್ನು ನೋಡಿದಾಗಲೆಲ್ಲ ಗಂಗವ್ವ ಕೇಳುತ್ತಾಳೆ:

"ಆ ಟವೆಲ್ಲಿನ ಎಂ.ಎ. ಆದ್ರೂ ಮುಗೀತೇನ್ರಿ?"

ಮುಗಿದಿರಬೇಕು ಎನ್ನುತ್ತೇನೆ. ನಡುವೆ ಯಾರ ಮಾತಿಗೂ ನಿಲ್ಲದೆ ಧಾರವಾಡಕ್ಕೆ ಹೋದದ್ದು ಅದೊಂದೇ ಅಲ್ಲವೇ.