ಸೂಳೆಕೆರೆ ದಾರೀಲಿ ಮಾವನ ಮನೆ

ನಮ್ಮ ನ್ಯಾಮತಿ ಶಾಲೆಯ ಮೇಷ್ಟ್ರುಗಳು ಸೇರಿ ಏನೇ ಹಂಚಿಕೆ ಹಾಕಿದರೂ ಅದು ನೆಟ್ಟಗೆ ನಡೆದದ್ದಿಲ್ಲ. ಎಪ್ಪತ್ತರ ದಶಕದಲ್ಲಿ ಸೂಳೆಕೆರೆಗೆ ಪಿಕ್ನಿಕ್ ಹೊರಟದ್ದೂ ಹಂಗೇ.

ನಮ್ಮ ಹೆಡ್‌ಮಾಸ್ಟರು ನೌಕರಿಯುದ್ದಕ್ಕೂ "ಸೂಳೆಕೆರೆ ಬಹು ದೊಡ್ಡ ಕೆರೆ" ಅಂತ ಪಾಠ ಮಾಡಿದವರು. ಕೆರೆ ಮಾತ್ರ ಕಣ್ಣಾರೆ ಕಂಡಿರಲಿಲ್ಲ. ಹುಡುಗರು "ಸಾರ್, ನೀವು ನೋಡಿದೀರಾ?" ಅಂದಾಗೆಲ್ಲ ಬೋರ್ಡ್ ಒರೆಸೋಕೆ ತಿರುಗಿಬಿಡೋರು. ತಿಂಗಳ ಕೊನೆಗೆ ರಿಟೈರ್ಡ್. "ಅಷ್ಟರೊಳಗೆ ಒಂದ್ಸಲ ತೋರಿಸ್ರಪ್ಪಾ" ಅಂದರು. ಪಾಪ ಅನಿಸಿ ಅವತ್ತೇ ಮೀಟಿಂಗ್ ಕರೆದೆವು.

ನೀರಿನ ಮೀಟಿಂಗು

ಡ್ರಾಯಿಂಗ್ ಮೇಷ್ಟ್ರು ಜಗಳೂರಿನವರು. ರೊಟ್ಟಿ, ಮೊಸರನ್ನ, ಮಂಡಕ್ಕಿ ಎಲ್ಲ ತೀರ್ಮಾನ ಆದಮೇಲೆ ಕೈ ಎತ್ತಿದರು.

"ನೀರು ಎಷ್ಟು ಕೊಡ ಒಯ್ಯಾಣ?"

"ರೀ, ಹೋಗ್ತಿರೋದೇ ಕೆರೆಗೆ!"

"ಸುಮ್ನಿರ್ರಿ, ನಮ್ಮೂರಾಗೂ ಕೆರೆ ಐತೆ. ಅದರಾಗೆ ಹುಡುಗ್ರು ಕ್ರಿಕೆಟ್ ಆಡ್ತಾರೆ."

ಎರಡು ಕೊಡ ನೀರೂ ನಮ್ಮ ಜೊತೆ ಬಾಡಿಗೆ ಟ್ರ್ಯಾಕ್ಟರ್ ಏರಿತು.

ಐದೇ ನಿಮಿಷ

ಹೊನ್ನಾಳಿ ದಾಟಿ ಕತ್ತಲಗೆರೆಗೆ ಬಂದೆವು. ಅಲ್ಲಿ ಗಣಿತದ ಮೇಷ್ಟ್ರ ಮಾವನ ಮನೆ, ಅದೂ ರಸ್ತೆ ಮೇಲೇ. ನಮ್ಮ ಕಡೆ ನೆಂಟರ ಬಾಗಿಲ ಮುಂದೆ ಹಾದು ಒಳಗೆ ಹೋಗಲಿಲ್ಲ ಅಂದರೆ ಮುಗೀತು, ಮುಂದಿನ ಮದುವೆ ತನಕ ಮಾತಿಲ್ಲ. "ಐದೇ ನಿಮಿಷ" ಅಂತ ಇಳಿದೆವು. ಮಾವ ಕಾಲಿಗೆ ನೀರು ಕೊಟ್ಟರು, ಅತ್ತೆ ಉಪ್ಪಿಟ್ಟು ಕೊಟ್ಟರು. ಆಮೇಲೆ "ಅಳಿಯಂದ್ರನ್ನ ಹಂಗೇ ಕಳಿಸಾಕೆ ಆಗುತ್ತೇನ್ರಿ?" ಅಂತ ಹೋಳಿಗೆಗೆ ಬೇಳೆ ಇಟ್ಟೇಬಿಟ್ಟರು!

ಉಂಡು, ಮಲಗಿ ಎದ್ದಾಗ ಹೊತ್ತು ಮುಳುಗಿತ್ತು. ಆವತ್ತು ಹೆಡ್‌ಮಾಸ್ಟರು ಕಂಡದ್ದು ಜಗಳೂರಿನವರ ಕೊಡದ ನೀರಷ್ಟೇ.

ತಾಡಪಾಲಿನ ಕೆಳಗೆ

ರಿಟೈರ್ಡ್ ಆಗುವ ಮುಂಚಿನ ಕೊನೇ ಭಾನುವಾರ ಮತ್ತೆ ಹೊರಟೆವು. ಕತ್ತಲಗೆರೆ ಹತ್ತಿರ ಬರುತ್ತಲೇ ಹೆಡ್‌ಮಾಸ್ಟರೇ ಕೂಗಿದರು, "ಎಲ್ಲಾ ಮಲಗ್ರಿ!"

ಟ್ರೇಲರಿನಲ್ಲಿ ಸಾಲಾಗಿ ಮಲಗಿ ಮೇಲೆ ತಾಡಪಾಲು ಎಳೆದುಕೊಂಡೆವು. ಮಾವನ ಮನೆ ದಾಟುವ ತನಕ ಗಣಿತದ ಮೇಷ್ಟ್ರು ಉಸಿರೇ ಬಿಡಲಿಲ್ಲ.

ಕೆರೆ ಏರಿ ಹತ್ತಿದೆವು. ಕಣ್ಣು ಹಾಯುವ ತನಕ ನೀರು. "ಅಯ್ಯೋ ಶಿವನೇ!" ಅಂತ ಹೆಡ್‌ಮಾಸ್ಟರು ನಿಂತಲ್ಲೇ ಕೂತರು. ಕಣ್ಣು ತುಂಬಿತ್ತು. ಜಗಳೂರಿನವರು ಮಾತ್ರ ಕೊಡ ಇಳಿಸಿ, "ಇರ್ಲಿ, ನಮ್ದು ನಮಗೆ" ಅಂತ ಅದನ್ನೇ ಕುಡಿದರು.

ಅಷ್ಟರಲ್ಲಿ ಗಣಿತದ ಮೇಷ್ಟ್ರು ಬೆವತುಹೋದರು. ಅಲ್ಲೇ ಮರದ ನೆರಳಲ್ಲಿ ಜಮಖಾನ ಹಾಸಿಕೊಂಡು ಅವರ ಮಾವ, ಅತ್ತೆ, ಮನೆಮಂದಿಯೆಲ್ಲ ಮಂಡಕ್ಕಿ ತಿನ್ನುತ್ತಿದ್ದಾರೆ! ಅಳಿಯನನ್ನು ಕಂಡು ಮಾವನ ಕೈ ಬಾಯಿ ಹತ್ತಿರವೇ ನಿಂತಿತು.

"ಮಾವಾರೇ, ನೀವು ಇಲ್ಲಿ?"

ಮಾವ ಮಂಡಕ್ಕಿ ತಟ್ಟೆ ಮುಂದೆ ಚಾಚಿದರು. ಅತ್ತೆಯೇ ಹೇಳಿಬಿಟ್ಟರು. "ಈ ವಾರನೂ ಮೇಷ್ಟ್ರುಗಳೆಲ್ಲಾ ಬರ್ತಾರೆ ಅಂತ ನ್ಯಾಮತಿ ಬಸ್ ಕಂಡಕ್ಟರ್ ಹೇಳಿದ. ಅಷ್ಟು ಜನಕ್ಕೆ ಇನ್ನೊಂದ್ಸಲ ಹೋಳಿಗೆ ತಟ್ಟಾಕೆ ನನ್ನ ಕೈಲಾಗಲ್ರಿ. ಅದಕ್ಕೇ ಮನೆಗೆ ಬೀಗ ಹಾಕ್ಕೊಂಡು ಓಡಿಬಂದ್ವಿ!"

ಬೀಗ ಹಾಕಿದ ಮನೆ ಮುಂದೆ ನಾವು ತಾಡಪಾಲು ಹೊದ್ದು ಬಂದಿದ್ದೆವು.

ಸೋಮವಾರ ಹೆಡ್‌ಮಾಸ್ಟರು ಎದೆ ಸೆಟೆಸಿಕೊಂಡು ಕ್ಲಾಸಿಗೆ ಹೋದರು. "ಕೇಳ್ರೋ! ಸೂಳೆಕೆರೆ ನೋಡಿದೀರಾ ಅಂತ ಕೇಳ್ರೋ!"

ಹುಡುಗರು ಕೇಳಿದರು.

"ನೋಡೀನಿ! ಅಷ್ಟು ದೊಡ್ಡದು ಯಾಕೆ ಕಟ್ಟಿದ್ರು ಅಂತಾನೂ ಗೊತ್ತಾತು. ನೆಂಟರಿಂದ ತಪ್ಪಿಸ್ಕೊಂಡು ಬಂದೋರಿಗೆಲ್ಲಾ ಜಾಗ ಸಾಲ್ಬೇಕಲ್ಲ!"