ಹಗ್ಗ ಬಿಟ್ಟು ತಂದ ಕಂಪ್ಯೂಟರ್

ರಾಯಚೂರಿಗೆ ಬಂದ ಮೊಟ್ಟಮೊದಲ ಕಂಪ್ಯೂಟರ್ ಸ್ಟೇಷನ್ನಿನಿಂದ ಊರೊಳಗೆ ಹೋದದ್ದು ನನ್ನ ಎತ್ತಿನ ಗಾಡಿಯಲ್ಲಿ. ಅದನ್ನು ರೈಲಿನಿಂದ ಇಳಿಸಿದ ಹಮಾಲಿ ತೀರಿಕೊಂಡ, ತರಿಸಿದ ಸಾಹುಕಾರ ತೀರಿಕೊಂಡ, ಎಳೆದ ಎತ್ತುಗಳೂ ತೀರಿಕೊಂಡವು. ಉಳಿದವನು ನಾನೊಬ್ಬ. ಆ ಪೆಟ್ಟಿಗೆ ಎಷ್ಟು ಭಾರ ಇತ್ತೆಂದರೆ, ಗಾಡಿಯ ಹಿಂದೆ ಇಟ್ಟ ಕೂಡಲೇ ನೊಗ ಕಟ್ಟುವ ಮೂಕಿ ಮೇಲಕ್ಕೆದ್ದು ಎರಡೂ ಎತ್ತುಗಳು ಗಾಳಿಯಲ್ಲಿ ಜೋತಾಡಿದವು. ನಾನು ಮುಂದೆ ಬಂದು ಮೂಕಿಯ ಮೇಲೆ ಕೂತ ಮೇಲೆಯೇ ಅವುಗಳ ಕಾಲು ನೆಲಕ್ಕೆ ತಾಗಿದ್ದು.

ಆವತ್ತಿನಿಂದ ಕಂಪ್ಯೂಟರಿಗೂ ನನಗೂ ಎಂಥದೋ ಋಣ ಬಿದ್ದಿದೆ. ನಾನು ಸುಮ್ಮನಿದ್ದರೂ ಅದು ನನ್ನನ್ನು ಸುಮ್ಮನಿರಲು ಬಿಡುವುದಿಲ್ಲ. ಒಂದು ಫಜೀತಿ ಮುಗಿಯಿತು ಎಂದು ಟವೆಲ್ಲು ಝಾಡಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಹೆಗಲ ಮೇಲೆ ಕೂಡುತ್ತದೆ.

ನಾನು ದೇವದುರ್ಗದ ದನದ ಸಂತೆಯ ದಲಾಲಿ. ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಇದನ್ನೂ ನಾನು ಹೇಳುತ್ತಿದ್ದೇನೆ, ಫೋನು ಬರೆದುಕೊಳ್ಳುತ್ತಿದೆ. ನನ್ನ ಠಿಕಾಣಿ ಎಂದರೆ ಚಾ ಅಂಗಡಿಯ ಮುಂದಿನ ಕಟ್ಟೆ. ಅಂಗಡಿಯ ಯಜಮಾನತಿ ಚಾ ಸೋಸುತ್ತಾಳೆ, ನಾನು ಕಥೆ ಹೇಳುತ್ತೇನೆ, ಊರು ಕೇಳುತ್ತದೆ. ನನ್ನ ಬಾಯಿ ಇಲ್ಲದಿದ್ದರೆ ಆ ಕಟ್ಟೆ ಬರೀ ಕಲ್ಲು.

ಆ ಬಾಯಿಗೇ ಕುತ್ತು ಬಂತು ನೋಡಿ. ಮಾನ್ವಿಯಲ್ಲಿ ಮೊಮ್ಮಗನ ತೊಟ್ಟಿಲ ಕಾರ್ಯ. ನಮ್ಮ ಬೀಗರು, ಎಂದರೆ ಸೊಸೆಯ ಅಪ್ಪ, ಅಕ್ಕಿ ಮಿಲ್ಲಿನ ಧಣಿ. ಹೋಳಿಗೆ ಬಡಿಸುವ ಹೊತ್ತಿಗೆ ಮಿಲ್ಲಿಗೆ ಕಂಪ್ಯೂಟರ್ ಬಂದದ್ದನ್ನು ಒಂದೇ ಸಮನೆ ಕೊಚ್ಚಿಕೊಳ್ಳತೊಡಗಿದರು. ನನಗೆ ತಡೆಯಲಿಲ್ಲ.

"ಅದೇನ್ ದೊಡ್ಡದ್ರೀ ಬೀಗ್ರ? ನಾ ಕಣ್ಣು ಮುಚ್ಕೊಂಡು ನಡಸ್ತೀನಿ" ಅಂದೆ.

"ಹೌದೇನ್ರಿ? ದೀಪಾವಳಿಗಿ ನಮ್ಮ ಮಿಲ್ಲಿಗಿ ಬರ್ರಿ. ಮಂದಿ ಮುಂದ ಕಂಪ್ಯೂಟರ್ ಚಾಲೂ ಮಾಡಿ ನಿಮ್ಮ ಹೆಸರು ಹೊಡ್ದು ಕಾಗದದ ಮ್ಯಾಲ ತೆಗದು ತೋರಿಸ್ರಿ. ತೋರಿಸಿದ್ರ ಮಾನ್ವಿ ಬಜಾರದಾಗ ನಿಮಗ ರೇಷ್ಮಿ ರುಮಾಲು ಸುತ್ತತೀನಿ. ಇಲ್ಲಾಂದ್ರ, ಯುಗಾದಿ ತನಕ ನಿಮ್ಮ ಕಟ್ಟಿ ಮ್ಯಾಲ ಕುಂತು ಒಂದು ಮಾತೂ ಆಡಬಾರ್ದು."

ಪಂಕ್ತಿಯೇ ಹೋ ಎಂದಿತು. ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ? ಹೊರಗೆ ಬಂದು ನೋಡಿದರೆ ನನ್ನ ಹೆಂಡತಿ ದೇವರ ಕಡೆ ಮುಖ ಮಾಡಿ ಕೈಮುಗಿದು ನಿಂತಿದ್ದಳು.

"ನನ್ನ ಸಲುವಾಗಿ ಬೇಡಿಕೊಂಡ್ಯಾ?" ಅಂದೆ.

"ಬೀಗರು ಗೆಲ್ಲಲಿ ಅಂತ" ಅಂದಳು.

ಹಲ್ಲು ನೋಡಿದ್ದು

ಕಲಿಯಬೇಕೆಂದರೆ ಗುರು ಬೇಕು. ನಮ್ಮ ಪಕ್ಕದ ಮನೆಯ ಸೊಸೆ ಕಂಪ್ಯೂಟರ್ ಓದಿದವಳು. ಎಲ್ಲರೂ ಮೇಡಂ ಎನ್ನುತ್ತಾರೆ. ಅವಳಿಗೆ ಮನೆಯ ಪಡಸಾಲೆಯಲ್ಲೇ ಒಂದು ಕ್ಲಾಸು ಶುರು ಮಾಡುವ ಆಸೆ. ಅದಕ್ಕೊಂದು ಹಳೆ ಕಂಪ್ಯೂಟರ್ ಕೊಳ್ಳಲು ರಾಯಚೂರಿಗೆ ಹೊರಟಳು. ದಲಾಲಿ ಜೊತೆಗಿಲ್ಲದೆ ಹಳೇ ಮಾಲು ಕೊಳ್ಳುವುದುಂಟೇ? ನಾನೂ ಬಸ್ಸು ಹತ್ತಿದೆ.

ಅಂಗಡಿಯವನು ಟೇಬಲ್ಲಿನ ಮೇಲೆ ಇಟ್ಟು ತೋರಿಸಿದ. ನಾನು ಮೊದಲು ಸುತ್ತು ಹಾಕಿ ಬಂದೆ. ಬೆನ್ನು ಸವರಿದೆ. ಸುಳಿ ಎಲ್ಲಿದೆ ಎಂದು ಹುಡುಕಿದೆ. ಆಮೇಲೆ ಕೀಬೋರ್ಡು ಎತ್ತಿ ಒಂದೊಂದೇ ಗುಂಡಿಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದೆ.

"ಹಲ್ಲು ಸವದಾವ. ಎಲ್ಲಾ ಹಲ್ಲು ಬಂದು ಬಾಯಿಗೂಡಿ ಭಾಳ ವರ್ಷ ಆಗ್ಯಾವ ಇದಕ್ಕ. ಪ್ರಾಯದ್ದು ಅಂತ ಯಾರಿಗಿ ಹೇಳಾಕತ್ತೀಯೋ ತಮ್ಮಾ?"

ಅಂಗಡಿಯವನು ಮೇಡಂ ಮುಖ ನೋಡಿದ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದಳು. "ಅಜ್ಜಾರ, ಕೈಗಿ ಸಿಗೋದೆಲ್ಲಾ ಹಾರ್ಡ್‌ವೇರ್ ರೀ. ಎತ್ತಿನ ಮೈ ಇದ್ದಂಗ. ಎತ್ತಿಗಿ ಸಾಲು ಹಿಡಿ, ಹೊಳ್ಳು, ನಿಲ್ಲು ಅಂತ ಕಲಿಸಿರ್ತೀರಲ್ಲಾ, ಆ ಕಲಿಸಿದ್ದು ಸಾಫ್ಟ್‌ವೇರ್. ಅದು ಕೈಗಿ ಸಿಗಂಗಿಲ್ಲ, ಆದ್ರ ಅದು ಇಲ್ಲಾಂದ್ರ ಮೈ ಇದ್ದೂ ಉಪಯೋಗಿಲ್ಲ."

ನನಗೆ ತಟ್ಟನೆ ತಿಳಿಯಿತು. ಅಂಗಡಿಯವನಿಗೆ ಕೇಳಿದೆ: "ಗಳೇಕ್ಕ ಹೂಡಿ ಪಳಗಿದ್ದೋ, ಇನ್ನಾ ಪಳಗಿಸಬೇಕೋ?"

"ಸಾಫ್ಟ್‌ವೇರ್ ಎಲ್ಲಾ ಹೊಸದಾಗಿ ಹಾಕೀನ್ರೀ ಅಜ್ಜಾರ" ಅಂದ ಪಾಪ.

ವ್ಯವಹಾರ ಕುದುರಿತು. ಮೇಡಂ ಬಸ್ಸಿನ ವೇಳೆ ಕೇಳಿ ಬರಲು ಹೋದಳು. ಅಂಗಡಿಯವನು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ಕೊನೆಗೆ ಕರಿ ವೈರುಗಳನ್ನು ಸುತ್ತಿ ನನ್ನ ಕೈಗೆ ಕೊಡಲು ಬಂದ. ನಾನು ಗಬಕ್ಕನೆ ಕೈ ಹಿಂದೆ ತೆಗೆದೆ. ನಮ್ಮ ಸಂತೆಯಲ್ಲಿ ಎತ್ತು ಮಾರಿದವನು ಹಗ್ಗ ಬಿಚ್ಚಿಕೊಂಡು ಮನೆಗೆ ಒಯ್ಯುತ್ತಾನೆ. ಹಗ್ಗ ಕೊಟ್ಟರೆ ಅವನ ಕೊಟ್ಟಿಗೆಯ ಕಳೆ ಹೋಗುತ್ತದೆ. ಕೊಂಡವನು ತನ್ನ ಹೊಸ ಹಗ್ಗ ಕಟ್ಟಿ ಹೊಡೆದುಕೊಂಡು ಬರಬೇಕು.

"ನಿನ್ನ ಹಗ್ಗ ನೀನೇ ಇಟ್ಕೋ ತಮ್ಮಾ, ನಿನ್ನ ಅಂಗಡಿ ಬೆಳೀಲಿ" ಎಂದು ಹರಸಿದೆ. ಅವನು ಬೇಡಬೇಡವೆಂದರೂ ಕೇಳದೆ ವೈರುಗಳನ್ನು ಅವನ ಗಲ್ಲಾದ ಮೇಲೆ ಇಟ್ಟು, ಪೆಟ್ಟಿಗೆ ಹೊತ್ತುಕೊಂಡು ನಡೆದೇಬಿಟ್ಟೆ.

ದೇವದುರ್ಗಕ್ಕೆ ಬಂದು ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಓಣಿಯೆಲ್ಲ ನೆರೆದಿತ್ತು. ಮೇಡಂ ಒಳಗೆ ಕೈಯಾಡಿಸಿದಳು, ಪೆಟ್ಟಿಗೆ ಬೋರಲು ಹಾಕಿದಳು, ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಾರ, ವೈರ್ ಎಲ್ಲ್ಯಾವ್ರಿ?" ಅಂದಳು.

"ಚಿಂತಿ ಮಾಡಬ್ಯಾಡವ್ವಾ" ಎಂದು ನಾನು ಬಗಲೊಳಗಿನಿಂದ ಹೊಚ್ಚ ಹೊಸ ನೂಲಿನ ಹಗ್ಗ ತೆಗೆದು ಕೊಟ್ಟೆ.

ಟವೆಲ್ಲಿನ ಕೆಳಗಿನ ಗುಟ್ಟು

ಮೇಡಂ ಮರುದಿನ ಮತ್ತೆ ರಾಯಚೂರಿಗೆ ಹೋಗಿ ವೈರು ತಂದಳು. ಪಾಠ ಶುರುವಾಯಿತು. ನನ್ನ ಹೆಸರಿನ ಅಕ್ಷರಗಳು ಯಾವ ಯಾವ ಗುಂಡಿಯಲ್ಲಿವೆ ಎಂದು ತೋರಿಸಿಕೊಟ್ಟಳು. ಆಮೇಲೆ ಪಾಸ್‌ವರ್ಡಿಗೆ ಬಂದಳು.

"ಇದು ಮನಿ ಕೀಲಿಕೈ ಇದ್ದಂಗ್ರಿ. ನಿಮಗ ತಿಳದಂಗ ಒಂದಿಷ್ಟು ಗುಂಡಿ ಒತ್ರಿ. ಎರಡು ಸಲ ಅದೇ ಒತ್ತಬೇಕು. ನಾಳಿಗಿ ಅದನ್ನೇ ಒತ್ತಿದ್ರಷ್ಟೇ ಬಾಗಿಲು ತೆರೀತದ. ಯಾರಿಗೂ ತೋರಿಸಬಾರ್ದು, ಯಾರಿಗೂ ಹೇಳಬಾರ್ದು."

ಗುಟ್ಟಿನ ವಿಷಯ ದಲಾಲಿಗೆ ಹೇಳಿಕೊಡಬೇಕೇ? ಸಂತೆಯಲ್ಲಿ ಎತ್ತಿನ ಬೆಲೆ ಬಾಯಿಂದ ಆಡುವುದೇ ಇಲ್ಲ. ಕೈ ಮೇಲೆ ಟವೆಲ್ಲು ಹೊದಿಸಿ, ಒಳಗೆ ಬೆರಳು ಹಿಡಿದೇ ಮುಗಿಸುತ್ತೇವೆ. ಪಕ್ಕದಲ್ಲಿ ನಿಂತವನಿಗೂ ಸುಳಿವು ಸಿಗುವುದಿಲ್ಲ. ನಾನು ಹೆಗಲ ಟವೆಲ್ಲು ತೆಗೆದು ಕೀಬೋರ್ಡಿನ ಮೇಲೆ ಹೊದಿಸಿದೆ, ಎರಡೂ ಕೈ ಒಳಗೆ ತೂರಿಸಿದೆ, ಮುಖ ಗೋಡೆ ಕಡೆ ತಿರುಗಿಸಿಕೊಂಡು ಬೆರಳಿಗೆ ಸಿಕ್ಕ ಗುಂಡಿಗಳನ್ನು ಒತ್ತಿದೆ. ಬೆರಳು ಎತ್ತದೆ ಅದೇ ಜಾಗದಲ್ಲಿ ಎರಡನೆಯ ಸಲವೂ ಒತ್ತಿದೆ. ಯಂತ್ರ ಒಪ್ಪಿಕೊಂಡಿತು! ಅರವತ್ತು ಸಂತೆ ತಿರುಗಿದ ಬೆರಳು ಸ್ವಾಮಿ ಇವು.

ಮರುದಿನ ಬಾಗಿಲು ತೆರೆಯಲಿಲ್ಲ. ಟವೆಲ್ಲಿನ ಕೆಳಗೆ ಒತ್ತಿದೆ, ತಪ್ಪು ಅಂತು. ಇನ್ನೊಮ್ಮೆ ಒತ್ತಿದೆ, ತಪ್ಪು ಅಂತು. ಕೊನೆಗೆ ಯಂತ್ರ ಸಿಟ್ಟಾಗಿ ಒಳಗಿನಿಂದ ಅಗಳಿ ಹಾಕಿಕೊಂಡಿತು.

"ಪಾಸ್‌ವರ್ಡ್ ಏನ್ ಇಟ್ಟಿದ್ರಿ, ಹೇಳ್ರಿ ಅಜ್ಜಾರ."

"ಯಾರಿಗೂ ಹೇಳಬಾರ್ದು ಅಂದಾಕಿ ನೀನೇ ಅಲ್ಲೇನವ್ವಾ?"

"ನಿಮ್ಮ ಕಾಲಿಗಿ ಬೀಳ್ತೀನ್ರಿ, ನನಗೊಬ್ಬಾಕಿಗರೆ ಹೇಳ್ರಿ!"

"ಹೆಂಗ ಹೇಳಲಿ ತಾಯಿ? ಟವೆಲ್ಲು ಹೊಚ್ಚಿತ್ತು. ನಾನೂ ನೋಡಿಲ್ಲ."

ಫೋನಿನ ಮರ್ಯಾದೆ

ಕಂಪ್ಯೂಟರಿನ ಅಗಳಿ ತೆಗೆಸುವ ತನಕ ಮೇಡಂ ನನಗೆ ಫೋನಿನಲ್ಲಿ ಇಂಟರ್ನೆಟ್ ಕಲಿಸಿದಳು. "ಇದು ಲೋಕದ ಮಂದಿಯೆಲ್ಲಾ ಕುಂತಿರೋ ಕಟ್ಟಿ ಇದ್ದಂಗ್ರಿ. ಏನ್ ಬೇಕೋ ಕೇಳ್ರಿ, ಗೊತ್ತಿದ್ದದ್ದು ಹೇಳ್ತದ" ಅಂದಳು.

ಗುರುತಿಲ್ಲದವರನ್ನು ಕಂಡ ಕೂಡಲೇ ನೇರವಾಗಿ ಏನಾದರೂ ಕೇಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಅದಕ್ಕೆ ಫೋನನ್ನು ಬಾಯಿ ಹತ್ತಿರ ಹಿಡಿದು, "ಶರಣ್ರಿ ಯಪ್ಪಾ. ಆರಾಮ ಅದೀರಾ? ಮನ್ಯಾಗ ಎಲ್ಲಾರೂ ಚಲೋ ಅದಾರಾ? ನಿಮ್ಮ ಕಡಿ ಮಳಿ ಹೆಂಗದ? ನಾಷ್ಟಾ ಆತೇನ್ರಿ? ಕಂಪ್ಯೂಟರಿನ ಬಗ್ಗಿ ಒಂದು ಮಾತು ಕೇಳೋದಿತ್ತು" ಅಂದೆ.

ಫೋನು ಮೊದಲು ನಮ್ಮ ತಾಲೂಕಿನ ಮಳೆಯ ಸುದ್ದಿ ಹೇಳಿತು. ಆಮೇಲೆ ಉಪ್ಪಿಟ್ಟು, ಸೂಸಲಾ ಮಾಡುವ ರೀತಿ ತೋರಿಸಿತು. ಕಂಪ್ಯೂಟರಿನ ಸುದ್ದಿಯನ್ನೇ ಎತ್ತಲಿಲ್ಲ. ಮೇಡಂ ತಲೆ ತಲೆ ಚಚ್ಚಿಕೊಂಡಳು. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು. ಮಾನ್ವಿಯ ಬೀಗರು ಇಷ್ಟು ವರ್ಷದಲ್ಲಿ ಒಂದು ಸಲವೂ ನನಗೆ ನಾಷ್ಟಾ ಕೇಳಿದವರಲ್ಲ.

ಗ್ರಹಣ ಹಿಡಿದದ್ದು

ದೀಪಾವಳಿ ಹತ್ತಿರ ಬಂತು. ಅಂಗಡಿಯ ಯಜಮಾನತಿ ದಿನಾ ಚಾ ಕೊಡುತ್ತಾ, "ಮುತ್ತ್ಯಾ, ಬಾಯಿ ಇರೋತನಕ ಮಾತಾಡಿಬಿಡು" ಎನ್ನುತ್ತಿದ್ದಳು. ಅಗಳಿ ತೆಗೆಸಿದ ಕಂಪ್ಯೂಟರಿನಲ್ಲಿ ದಿನಾ ಹೆಸರು ಹೊಡೆಯುತ್ತಿದ್ದೆ. ಆದರೆ ಕರೆಂಟು ಹೋದರೆ ಹೆಸರೂ ಹೋಗುತ್ತಿತ್ತು.

"ಸೇವ್ ಮಾಡ್ರಿ ಅಜ್ಜಾರ" ಎಂದಳು ಮೇಡಂ. "ಈಗ ಹೊಡದದ್ದು ಕಣದಾಗ ಬಿದ್ದ ಜ್ವಾಳ. ಗಾಳಿ ಬಂದ್ರ ಹಾರಿಹೋಗ್ತದ. ಸೇವ್ ಮಾಡಿದ್ರ ಹಗೇವಿಗಿ ಹಾಕಿ ಮುಚ್ಚಿದಂಗ. ಕರೆಂಟು ಹೋದ್ರೂ ಒಳಗ ಇರ್ತದ."

ಹಗೇವು ಎಂದರೆ ನೆಲದೊಳಗಿನ ಕಾಳಿನ ಕಣಜ. ನನಗೆ ಸಮಾಧಾನವಾಯಿತು. ಹೆಸರು ಹೊಡೆದೆ, ಸೇವ್ ಮಾಡಿದೆ. ಆದರೆ ಅದೇ ವಾರ ಗ್ರಹಣ ಬಂತು. ಗ್ರಹಣದಲ್ಲಿ ಕೂಡಿಟ್ಟ ಪದಾರ್ಥ ಕೆಡಬಾರದೆಂದು ನನ್ನ ಹೆಂಡತಿ ಉಪ್ಪಿನಕಾಯಿ ಗಡಿಗೆಗೆ, ಮೊಸರಿನ ಗಡಿಗೆಗೆ ಗರಿಕೆ ಹಾಕುತ್ತಿದ್ದಳು. ಹಾಗಾದರೆ ಕೂಡಿಟ್ಟ ನನ್ನ ಹೆಸರು? ಅದು ಕೆಟ್ಟರೆ ಯುಗಾದಿ ತನಕ ನಾನು ಮೂಗ!

ಹಿತ್ತಲಿಗೆ ಓಡಿದೆ. ಹಿಡಿ ತುಂಬ ಹಸಿ ಗರಿಕೆ ಕಿತ್ತೆ. ಕಂಪ್ಯೂಟರಿನ ಬೆನ್ನಿಗೆ ಗಾಳಿ ಆಡಲು ಕಿಂಡಿಗಳಿವೆಯಲ್ಲ, ಅವುಗಳೊಳಗೆ ಒಂದೊಂದೇ ಎಳೆ ತೂರಿಸಿದೆ. ಹಗೇವು ಗಟ್ಟಿಯಾಯಿತು ಎಂದುಕೊಂಡು ಮನೆಗೆ ಹೋಗಿ ಜಳಕ ಮಾಡಿದೆ.

ಮರುದಿನ ಚಾಲೂ ಮಾಡಿದರೆ ಒಳಗಿನ ಫ್ಯಾನು ಕರ್‌ರ್ ಎಂದಿತು. ಹುಲ್ಲು ಸುಟ್ಟ ವಾಸನೆ ಬಂತು. ಯಂತ್ರ ತಣ್ಣಗಾಯಿತು. ಮತ್ತೆ ರಾಯಚೂರು, ಮತ್ತೆ ಅದೇ ಅಂಗಡಿ. ಅವನು ಸ್ಕ್ರೂ ಬಿಚ್ಚಿ ಒಳಗಿನಿಂದ ಗರಿಕೆ ಎಳೆದ, ಎಳೆದ, ಎಳೆಯುತ್ತಲೇ ಇದ್ದ. ಕೊನೆಗೆ ಎರಡೂ ಕೈ ಜೋಡಿಸಿದ.

"ಅಜ್ಜಾರ, ಎತ್ತು ಅಂತ ತಿಳ್ಕೊಂಡು ಒಯ್ದ್ರಿ, ನಾ ಏನೂ ಅನ್ನಲಿಲ್ಲ. ಹಗ್ಗ ಬ್ಯಾಡ ಅಂದ್ರಿ, ಸುಮ್ಮನಾದೆ. ಆದ್ರ ಮೇವು ಯಾಕ ಹಾಕಿದ್ರಿ?"

ಮಾನ್ವಿಯ ಮೈದಾನ

ಈಗ ಕೇಳಿ, ಅಸಲು ಕಥೆ. ನಿನ್ನೆ ಕಟ್ಟೆಯ ಮೇಲೆ ತುಂಬಿದ ಮಂದಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ.

ದೀಪಾವಳಿಯ ದಿನ ಮಿಲ್ಲಿನ ಆಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಮಾಲರು, ಅಕ್ಕಿ ಕೇರುವ ಹೆಣ್ಣುಮಕ್ಕಳು, ಬೀಗರ ಕಡೆಯ ನೆಂಟರಿಷ್ಟರು. ಬೀಗರು ಮೀಸೆಯಡಿಯಲ್ಲಿ ನಗುತ್ತಾ ಕುರ್ಚಿ ತೋರಿಸಿದರು. ನಾನು ಕೂತೆ. ಗುಂಡಿ ಒತ್ತಿದೆ. ಕಂಪ್ಯೂಟರ್ ನನ್ನ ಕೈಯ ಗುರುತು ಹಿಡಿದು ಹೋರಿಯ ಹಾಗೆ ಜಿಗಿದೆದ್ದಿತು! ಹೆಸರು ಹೊಡೆದೆ. ಎಂಥಾ ಸ್ಪೀಡು ಎಂದರೆ ಗುಂಡಿಗಳ ಸಂದಿನಿಂದ ಹೊಗೆ ಬಂತು. ಒಬ್ಬ ಹಮಾಲಿ ನೀರಿನ ಕೊಡ ಹಿಡಿದು ಓಡಿಬಂದ.

ಸೇವ್ ಮಾಡಿದೆ. ಪ್ರಿಂಟ್ ಒತ್ತಿದೆ. ಕಾಗದ ಬರಲು ಕೊಂಚ ತಡವಾಯಿತು. ಮೊಂಡ ಎತ್ತಿಗೆ ಒಂದೇ ಸಲ ಚುಚ್ಚಿದರೆ ಸಾಕೇ? ಒತ್ತಿದೆ, ಮತ್ತೆ ಒತ್ತಿದೆ, ಒತ್ತುತ್ತಲೇ ಇದ್ದೆ. ಪ್ರಿಂಟರು ಒಮ್ಮೆಲೇ ಹೌಹಾರಿ ಎದ್ದು ನನ್ನ ಹೆಸರನ್ನು ಕಕ್ಕತೊಡಗಿತು. ಹಾಳೆಯ ಮೇಲೆ ಹಾಳೆ! ಬೀಗರು ವೈರು ಕಿತ್ತರು, ಆದರೂ ನಿಲ್ಲಲಿಲ್ಲ. ಮಿಲ್ಲಿನ ಹಾಳೆ ಮುಗಿದವು, ಅದು ಗೋಡೆಯ ಕ್ಯಾಲೆಂಡರನ್ನು ಎಳೆದುಕೊಂಡು ಅದರ ಮೇಲೂ ಹೊಡೆಯಿತು. ಹಾಳೆಗಳು ಕಿಟಕಿಯಿಂದ ಹಾರಿ ಬಜಾರ ತುಂಬಿದವು. ಇವತ್ತಿಗೂ ಮಾನ್ವಿಯಲ್ಲಿ ಮಿರ್ಚಿ ಬಜಿ ಕಟ್ಟಿಸಿಕೊಂಡರೆ ಎಣ್ಣೆಯಡಿಯಲ್ಲಿ ನನ್ನ ಹೆಸರು ಹೊಳೆಯುತ್ತದೆ. ಬೀಗರು ಗಳಗಳ ಅಳುತ್ತಾ ನನಗೆ ರೇಷ್ಮೆ ರುಮಾಲು ಸುತ್ತಿದರು. ಎಷ್ಟು ಉದ್ದದ ರುಮಾಲೆಂದರೆ, ಒಂದು ತುದಿ ನನ್ನ ತಲೆಯ ಮೇಲಿದ್ದರೆ ಇನ್ನೊಂದು ತುದಿಯನ್ನು ಇನ್ನೂ ಬಟ್ಟೆ ಅಂಗಡಿಯಲ್ಲೇ ಅಳೆಯುತ್ತಿದ್ದರು!

ಇಷ್ಟು ಕೇಳಿ ಕಟ್ಟೆಯ ಮಂದಿ ಬಿದ್ದು ಬಿದ್ದು ನಕ್ಕರು. ಚಪ್ಪಾಳೆ ಹೊಡೆದರು. ಅಂಗಡಿಯ ಯಜಮಾನತಿ ಒಬ್ಬಳೇ ನಗಲಿಲ್ಲ. ಚಾ ಸೋಸುವುದನ್ನು ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮುತ್ತ್ಯಾ, ಒಂದು ಮಾತು ಕೇಳ್ಲೇನು? ಅಷ್ಟು ದೊಡ್ಡದಾಗಿ ಗೆದ್ದು ಬಂದಾವ, ದೀಪಾವಳಿಯಿಂದ ಯುಗಾದಿ ತನಕ ಇದೇ ಕಟ್ಟಿ ಮ್ಯಾಲ ಕುಂತು ಕೈಸನ್ನಿ ಮಾಡಿ ಚಾ ಯಾಕ ಕೇಳ್ತಿದ್ದಿ?"

ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಹೆಗಲು ಕುಣಿಸಿದೆ.

"ನಿನ್ನ ಚಾ ಕುಡುದು ನಾಲಿಗಿ ಸುಟ್ಟಿತ್ತವ್ವಾ" ಅಂದೆ.