ಟೀಪಾಯಿಯ ಮೇಲೊಂದು ಗೃಹಪ್ರವೇಶ

ನಮ್ಮ ಚಿಕ್ಕಪ್ಪ ಎರಡು ದಿನದ ಕೆಲಸವನ್ನು ಏಳೇ ತಿಂಗಳಲ್ಲಿ ಮುಗಿಸಿದರು ಎಂದರೆ ಅವರನ್ನು ಬಲ್ಲವರು ಯಾರೂ ನಂಬುವುದಿಲ್ಲ. ಅಷ್ಟು ಬೇಗ ಹೇಗೆ ಮುಗಿಸಿದರು ಎಂದು ಕೇಳುತ್ತಾರೆ!

ಅವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಎಂದು ವರ್ಗವಾಗುತ್ತ ಬಂದು ಕಡೆಗೆ ಕೊಟ್ಟೂರಿನಲ್ಲಿ ನಿವೃತ್ತರಾದರು. ಎಲ್ಲ ಊರಲ್ಲೂ ಬಾಡಿಗೆ ಮನೆ. ಬಾಡಿಗೆ ಮನೆಯ ವಿಷಯದಲ್ಲಿ ಅವರದೊಂದು ಕಠಿಣ ವ್ರತವಿತ್ತು: ಗೋಡೆಗೆ ಮೊಳೆ ಹೊಡೆಯುವಂತಿಲ್ಲ.

“ಮಂದಿ ಗ್ವಾಡಿಗೆ ಮೊಳಿ ಹೊಡಿಯೋದು ಅಂದ್ರ ಮಂದಿ ಎತ್ತಿಗೆ ಮೂಗುದಾರ ಹಾಕಿದಂಗ” ಎನ್ನುತ್ತಿದ್ದರು.

ಹೀಗಾಗಿ ಬೇರೆಯವರ ಮನೆಯಲ್ಲಿ ಗೋಡೆಯ ಮೇಲೆ ಇರುವುದೆಲ್ಲ ಅವರ ಮನೆಯಲ್ಲಿ ನೆಲದ ಹತ್ತಿರ ಇರುತ್ತಿತ್ತು. ಕ್ಯಾಲೆಂಡರು ಜೋಳದ ಡಬ್ಬಿಗೆ ಒರಗಿಕೊಂಡಿರುತ್ತಿತ್ತು. ಚಿಗವ್ವ, ಅಂದರೆ ಚಿಕ್ಕಪ್ಪನ ಹೆಂಡತಿ, ಜೋಳ ತೆಗೆದಾಗಲೆಲ್ಲ ಇಡೀ ತಿಂಗಳು ಮಗುಚಿ ಬೀಳುತ್ತಿತ್ತು. ಗೋಡೆ ಗಡಿಯಾರ ಟ್ರಂಕಿನ ಮೇಲೆ ಅಂಗಾತ ಮಲಗಿತ್ತು. ಗಂಟೆ ಎಷ್ಟಾಯಿತೆಂದು ತಿಳಿಯಬೇಕಾದರೆ ಬಾವಿಗೆ ಇಣುಕಿದ ಹಾಗೆ ಇಣುಕಬೇಕು.

ಇದನ್ನೆಲ್ಲ ಚಿಗವ್ವ ನಕ್ಕು ಸಹಿಸಿಕೊಂಡಿದ್ದರು. ಸಹಿಸಲಾಗದ್ದು ಒಂದೇ. ತೀರಿಹೋದ ತಾಯಿಯ ಫೋಟೋ ಒಂದು ತವರೂರು ತೆಲಿಗಿಯಿಂದ ಬಂದಿತ್ತು, ಗಾಜಿನ ಕಟ್ಟು ಹಾಕಿಸಿದ್ದು. ಇಪ್ಪತ್ತು ವರ್ಷಗಳಿಂದ ಅದು ಹಳೇ ಸೀರೆಯಲ್ಲಿ ಸುತ್ತಿಕೊಂಡು ಅದೇ ಟ್ರಂಕಿನೊಳಗಿತ್ತು. ವರ್ಷಕ್ಕೊಮ್ಮೆ ಹಿರಿಯರ ಪೂಜೆಯ ದಿನ ಹೊರಗೆ ತೆಗೆದು ಜೋಳದ ಡಬ್ಬಿಗೆ ಒರಗಿಸುವುದು, ಸಂಜೆ ಮತ್ತೆ ಸುತ್ತಿಡುವುದು.

“ನಮ್ಮವ್ವ ಬದುಕಿದ್ದಾಗ ಒಂದು ದಿನ ಸುಮ್ಮನ ಕುಂತಾಕಿ ಅಲ್ಲ. ಈಗ ಆಕಿಗೆ ನಿಂದ್ರಾಕ ಒಂದು ಗ್ವಾಡಿ ಇಲ್ಲ” ಎಂದು ಚಿಗವ್ವ ಸುತ್ತಿಡುವಾಗಲೆಲ್ಲ ಹೇಳುತ್ತಿದ್ದರು. ಚಿಕ್ಕಪ್ಪ ಆ ಹೊತ್ತಿಗೆ ಸರಿಯಾಗಿ ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗಾದರೂ ಹೊರಟುಬಿಡುತ್ತಿದ್ದರು.

ಹಾಗಂತ ಜಾಗ ಇರಲಿಲ್ಲವೇ? ಇತ್ತು! ಕೂಡ್ಲಿಗಿ ರಸ್ತೆಯ ಕಡೆ ಒಂದು ಸೈಟು ತೆಗೆದುಕೊಂಡು ಎಷ್ಟೋ ವರ್ಷವಾಗಿತ್ತು. ಅದರಲ್ಲಿ ಬಳ್ಳಾರಿ ಜಾಲಿ ಎರಡಾಳೆತ್ತರ ಬೆಳೆದು, ಸೈಟು ಯಾವುದು, ಬಯಲು ಯಾವುದು ಎಂದು ಚಿಕ್ಕಪ್ಪನಿಗೇ ಗೊತ್ತಾಗುತ್ತಿರಲಿಲ್ಲ. ಎಂಜಿನಿಯರ್ ಒಬ್ಬರು ಮೂರು ಸಲ ಪ್ಲಾನು ಬರೆದುಕೊಟ್ಟಿದ್ದರು. ಮೂರನ್ನೂ ಚಿಕ್ಕಪ್ಪ ತಲೆಕೆಳಗೆ ಹಿಡಿದು ನೋಡಿ, ಅಡ್ಡ ಹಿಡಿದು ನೋಡಿ, ವಾಪಸು ಕೊಟ್ಟರು.

“ಕಾಗದದಾಗ ಮನಿ ಹೆಂಗ ತಿಳೀಬೇಕ್ರಿ? ಎಮ್ಮಿ ಚಿತ್ರ ನೋಡಿ ಯಾರರ ಎಮ್ಮಿ ತಗಂತಾರೇನು?”

ಎಂಜಿನಿಯರ್ ನಾಲ್ಕನೇ ಸಲ ಬರಲಿಲ್ಲ.

ಇಂಥವರಿಗೆ ನಿವೃತ್ತಿಯ ದಿನ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಮೈಸೂರು ಕಡೆಯ ಡಾಕ್ಟರು ಏನು ಉಡುಗೊರೆ ಕೊಡಬೇಕು? ಮನೆ! ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತೆಳು ಹಲಗೆಯ ತುಂಡುಗಳು, ಅಂಟಿನ ಟ್ಯೂಬು, ಮೂರು ಪುಟ್ಟ ಬಣ್ಣದ ಶೀಸೆ. ಜೋಡಿಸಿ ಬಣ್ಣ ಹಚ್ಚಿದರೆ ಮೊಣಕೈಯುದ್ದದ ಮರದ ಮನೆಯಾಗುತ್ತದೆ. ಮುಚ್ಚಳದ ಮೇಲಿನ ಚಿತ್ರದಲ್ಲಿ ಇಳಿಜಾರಾದ ಕೆಂಪು ಛಾವಣಿ, ಹೊಗೆ ಕೊಳವೆ, ಅಂಗಳದ ತುಂಬ ಹಿಮ. ಕೊಟ್ಟೂರಿನ ಬಿಸಿಲಲ್ಲಿ ಆ ಹಿಮ ನೋಡಿದರೇ ಬಾಯಾರಿಕೆಯಾಗುತ್ತಿತ್ತು. “ಎರಡು ದಿನದ ಕೆಲಸ ಸಾರ್, ಟೈಮ್ ಪಾಸ್ ಆಗುತ್ತೆ” ಎಂದರಂತೆ ಡಾಕ್ಟರು. ಪಾಪ, ಹೊಸಬರು.

“ಇದ್ದ ಸೈಟಿನ್ಯಾಗ ಒಂದು ಇಟ್ಟಂಗಿ ಇಡಲಿಲ್ಲ, ಈಗ ಟೀಪಾಯಿ ಮ್ಯಾಲ ಮನಿ ಕಟ್ಟಾಕ ಕುಂತಾರ” ಎಂದರು ಚಿಗವ್ವ. ನಾನು ಆಗ ಹರಪನಹಳ್ಳಿಯಲ್ಲಿದ್ದೆ. ಭಾನುವಾರ ಬಸ್ಸು ಹತ್ತಿ ಕೊಟ್ಟೂರಿಗೆ ಹೋದಾಗಲೆಲ್ಲ ಮೊದಲು ಚಿಗವ್ವನ ದೂರು, ಆಮೇಲೆ ಚಿಕ್ಕಪ್ಪನ ಪ್ರಗತಿ ವರದಿ.

ಮೊದಲ ತಿಂಗಳು ಪ್ರಗತಿ ಏನೂ ಇರಲಿಲ್ಲ. ಆಷಾಢ! ಆಷಾಢದಲ್ಲಿ ಯಾರಾದರೂ ಮನೆ ಶುರು ಮಾಡುತ್ತಾರೆಯೇ? ಶ್ರಾವಣ ಬಂದ ಮೇಲೆ ಒಳ್ಳೆಯ ಸೋಮವಾರ ನೋಡಿ ಟೀಪಾಯಿಗೆ ಪಾಯದ ಪೂಜೆಯಾಯಿತು. ಅದರ ಈಶಾನ್ಯ ಮೂಲೆಗೆ ಕುಂಕುಮ ಹಚ್ಚಿ, ಅಲ್ಲೇ ತೆಂಗಿನಕಾಯಿ ಕುಟ್ಟಿ ಒಡೆದರು. ಕಾಯಿಗಿಂತ ಮೊದಲು ಟೀಪಾಯಿಯ ಕಾಲು ಮುರಿಯಿತು. ಮೂರನೆಯ ತಿಂಗಳು ಬಡಗಿಯನ್ನು ಹುಡುಕುವುದರಲ್ಲಿ ಕಳೆಯಿತು.

ಕೊನೆಗೂ ಗೋಡೆಗಳು ಎದ್ದವು. ಟ್ಯೂಬಿನ ಅಂಟು ಒಂದೇ ಸಲಕ್ಕೆ ಬುಳಕ್ಕನೆ ಬರುತ್ತದೆಂದು ಚಿಕ್ಕಪ್ಪ ಅದನ್ನು ದನಗಳಿಗೆ ಇಂಜೆಕ್ಷನ್ ಕೊಡುವ ಹಳೇ ಸಿರಿಂಜಿಗೆ ತುಂಬಿಕೊಂಡಿದ್ದರು. ಹಲಗೆಯನ್ನು ಎಡಗೈಯಲ್ಲಿ ತಟ್ಟುತ್ತ, “ಹೋ... ಹೋ... ಅಳ್ಳಾಡಬ್ಯಾಡ, ಆತು, ಆತು” ಎಂದು ಸಮಾಧಾನ ಹೇಳುತ್ತ ಬಲಗೈಯಿಂದ ಒಂದೊಂದು ಹನಿ ಬಿಡುತ್ತಿದ್ದರು. ಹಲಗೆ ಒದೆಯಲಿಲ್ಲ.

ಬಾಗಿಲ ಹತ್ತಿರ ಬಂದಾಗ ಕೆಲಸ ಗಕ್ಕನೆ ನಿಂತಿತು. ಪೆಟ್ಟಿಗೆಯಲ್ಲಿ ಹೊಸ್ತಿಲೇ ಇರಲಿಲ್ಲ.

“ಹೊಸ್ತಿಲಿಲ್ಲದ ಮನಿ ಎಲ್ಲ್ಯರ ಐತೇನೋ? ಅರಿಷಿಣ ಎಲ್ಲಿಗೆ ಹಚ್ಚಬೇಕು?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು, ಕಿಟ್ಟು ಮಾಡಿದವನು ನಾನೇ ಎಂಬಂತೆ. ಐಸ್ ಕ್ಯಾಂಡಿ ಕಡ್ಡಿ ಸರಿಯಾದೀತು ಎಂದು ಕಡೆಗೆ ತೀರ್ಮಾನವಾಯಿತು. ಅವರಿಗೆ ಸಕ್ಕರೆ ಕಾಯಿಲೆ. ಆದ್ದರಿಂದ ಸೊಟ್ಟಗಿರದ ಒಂದು ಕಡ್ಡಿ ಸಿಗುವವರೆಗೆ ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಐದು ಕ್ಯಾಂಡಿ ತಿಂದೆ. ಮನೆ ಕಟ್ಟಿದವರಿಗೆ ಬೆನ್ನು ನೋಯುತ್ತದೆ ಎಂದು ಕೇಳಿದ್ದೆ. ನನಗೆ ಗಂಟಲು ಕಟ್ಟಿತು.

ಛಾವಣಿಯನ್ನು ಅವರು ಸಾರಾಸಗಟಾಗಿ ತಿರಸ್ಕರಿಸಿದರು. “ಇಷ್ಟು ಇಳಿಜಾರು ಯಾಕ ಬೇಕು? ನಮ್ಮ ಕಡಿ ಮಳಿ ಬರೋದ ಎಲ್ಡು ಸರ್ತಿ. ಮೆಣಸಿನಕಾಯಿ ಎಲ್ಲಿ ಒಣಗಿಸಬೇಕು?” ಎಂದು, ಉಳಿದ ಹಲಗೆಯಿಂದ ಸಪಾಟು ಮಾಳಿಗೆ ಮಾಡಿದರು. ಅದರಲ್ಲಿ ನಮ್ಮೂರ ಮಣ್ಣಿನ ಮನೆಗಳಲ್ಲಿ ಇರುವ ಹಾಗೆ ಬೆಳಕು ಬೀಳಲು ಒಂದು ಬೆಳಕಿಂಡಿ ಕೊರೆದರು. ಹೊಗೆ ಕೊಳವೆಯನ್ನು ಕೆಳಗಿನಿಂದ ಮುಚ್ಚಿ ನೀರಿನ ಟ್ಯಾಂಕು ಎಂದು ಘೋಷಿಸಿದರು.

ಅಷ್ಟಾದ ಮೇಲೆ ಪಕ್ಕದ ಮನೆಯ ನಿವೃತ್ತ ಮಾಸ್ತರು ಬಂದು ಸುತ್ತಲೂ ನೋಡಿ, ಅಡುಗೆ ಮನೆ ತಪ್ಪು ಮೂಲೆಯಲ್ಲಿ ಬಂದಿದೆ ಎಂದು ಒಂದು ಮಾತು ಬಿಟ್ಟರು. ಚಿಕ್ಕಪ್ಪನ ಮುಖ ಇಷ್ಟಾಯಿತು.

“ಅದಕ್ಯಾಕ ಚಿಂತಿ? ಎತ್ತಿ ತಿರುವಿ ಇಡ್ರಿ, ಮುಗೀತು” ಎಂದರು ಮಾಸ್ತರು.

“ಮನಿ ತಿರುವತಾರೇನ್ರಿ ಮಾಸ್ತರ? ಮಂದಿ ನೋಡಿದ್ರ ನಗ್ತಾರ.”

ಅಲ್ಲಿಯವರೆಗೆ ಮಂದಿ ಅಳುತ್ತಿದ್ದರೇನೋ! ಒಳಗಿನ ಗೋಡೆ ಕಿತ್ತು ಅಡುಗೆ ಮನೆಯನ್ನು ಆಗ್ನೇಯಕ್ಕೆ ಒಯ್ಯಲು ಇನ್ನೊಂದು ತಿಂಗಳು ಹಿಡಿಯಿತು.

ಉಳಿದದ್ದು ಬಣ್ಣ. ಶೀಸೆಯ ಬಣ್ಣಗಳು ಅವರಿಗೆ ಒಪ್ಪಿಗೆಯಾಗಲಿಲ್ಲ. ಚಿಗವ್ವ ತೆಲಿಗಿಗೆ ಹೋಗಿದ್ದ ಒಂದು ದಿನ, ಕಂಕುಳಲ್ಲಿ ಬಟ್ಟೆ ಸುತ್ತಿದ ಚಪ್ಪಟೆ ಗಂಟೊಂದನ್ನು ಇಟ್ಟುಕೊಂಡು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದರು. ಅದೇನು ಎಂದು ಕೇಳಿದೆ. “ಬಣ್ಣದ ಸ್ಯಾಂಪಲ್” ಎಂದರು. ಬಣ್ಣ ಕೊಟ್ಟೂರಿನಲ್ಲೇ ಸಿಗುತ್ತದಲ್ಲ ಎಂದೆ. ನನಗೆ ಬಣ್ಣದ ವಿಷಯ ತಿಳಿಯುವುದಿಲ್ಲ ಎಂದರು. ಬರುವಾಗ ಕೈಯಲ್ಲಿ ಗಿಣಿಹಸಿರು ಬಣ್ಣದ ಒಂದು ಲೀಟರ್ ಡಬ್ಬಿ. ಮೊಣಕೈಯುದ್ದದ ಮನೆಗೆ ಒಂದು ಲೀಟರು! ಮನೆಯ ಬಾಗಿಲಿಗೆ ನಾಲ್ಕು ಚಮಚ ಹಿಡಿಯಿತು. ಉಳಿದದ್ದು ಕೆಡಬಾರದೆಂದು ಸ್ಟೂಲಿಗೆ ಹಚ್ಚಿದರು, ಟ್ರಂಕಿಗೆ ಹಚ್ಚಿದರು, ರೇಡಿಯೋಗೆ ಹಚ್ಚಿದರು. ಎರಡು ದಿನ ಆ ರೇಡಿಯೋದಲ್ಲಿ ವಾರ್ತೆಯೆಲ್ಲ ಮೂಗಿನಿಂದ ಬಂತು.

ಏಳನೆಯ ತಿಂಗಳು ಫೋನು ಬಂತು. “ಮನಿ ಮುಗೀತು. ಬರೋ ಐತವಾರ ಗೃಹಪ್ರವೇಶ. ಬಾ.”

ನನಗೇನೋ ಅರ್ಥವಾಯಿತು. ಆದರೆ ಇದೇ ಫೋನು ತೆಲಿಗಿಯಲ್ಲಿದ್ದ ಚಿಗವ್ವನ ಅಣ್ಣನಿಗೂ ಹೋಗಿತ್ತು. ಅವರು ಹೊಲದ ಕೆಲಸ ಬಿಟ್ಟು, ಹಿತ್ತಾಳೆ ಕೊಡ, ಸೀರೆ, ಧೋತ್ರ, ಜೊತೆಗೆ ಒಂದು ಹೊಸ ಗೋಡೆ ಗಡಿಯಾರ ಹೊತ್ತುಕೊಂಡು ಬಂದಿಳಿದರು. ಬಾಗಿಲಲ್ಲೇ ನಿಂತು, “ತಂಗಿ, ಕಡೀಗೂ ಕಟ್ಟಿದ್ರಲ್ಲ, ಭಾಳ ಚಲೋ ಆತು. ಎಲ್ಲೈತಿ ಮನಿ?” ಎಂದು ಕೇಳಿದರು.

ಚಿಗವ್ವ ಟೀಪಾಯಿಯ ಕಡೆ ಕೈ ಮಾಡಿದರು.

ಅಣ್ಣ ಟೀಪಾಯಿ ನೋಡಿದರು, ಕೊಡ ನೋಡಿದರು. ನಾನು ಕೆಮ್ಮುವ ನೆಪದಲ್ಲಿ ನಗುತ್ತಿದ್ದೆ. ಆಮೇಲೆ ಚಿಗವ್ವನ ಮುಖ ನೋಡಿದೆ, ನಗು ನಿಂತುಹೋಯಿತು. ಇಪ್ಪತ್ತು ವರ್ಷ ನಗುತ್ತ ಸಾಗಿಸಿದವರ ಕಣ್ಣು ತುಂಬಿತ್ತು.

“ನಮ್ಮಣ್ಣನ ಮುಂದ ನನ್ನ ಮಾನ ಕಳದ್ರಿ” ಎಂದರು. “ಈ ಆಟದ ಮನಿಗೆ ಇರೋ ಪುಣ್ಯ ನಮ್ಮವ್ವಗ ಇಲ್ಲ.”

ಚಿಕ್ಕಪ್ಪ ಈ ಸಲ ಚಪ್ಪಲಿ ಮೆಟ್ಟಲಿಲ್ಲ. ಟೀಪಾಯಿಯನ್ನು ನಿಧಾನವಾಗಿ ಕಿಟಕಿಯ ಹತ್ತಿರ ಎಳೆದು, ಕಿರುಬೆರಳಿನಿಂದ ಹಸಿರು ಬಾಗಿಲು ತೆರೆದರು.

“ಒಂದು ಸರ್ತಿ ಒಳಗ ನೋಡು” ಎಂದರು.

ಚಿಗವ್ವ ಮುನಿಸಿನಲ್ಲೇ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಅಣ್ಣನೂ ಪಕ್ಕಕ್ಕೆ ಬಂದು ಕೂತು ನೋಡಿ, “ಅವ್ವಾ” ಎಂದರು. ನಾನು ಅವರಿಬ್ಬರ ಭುಜದ ನಡುವಿನಿಂದ ಇಣುಕಿದೆ. ಬೆಳಕಿಂಡಿಯಿಂದ ಪಡಸಾಲೆಯ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಆ ಗೋಡೆಗೆ ಒಂದು ಗುಂಡುಸೂಜಿ ಹೊಡೆದಿತ್ತು. ಗುಂಡುಸೂಜಿಗೆ ಅಂಚೆಚೀಟಿಯಷ್ಟು ಫೋಟೋ, ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಮಾಡಿದ ಕಟ್ಟು, ದಾರದ ಹಾರ. ಹಗರಿಬೊಮ್ಮನಹಳ್ಳಿಗೆ ಹೋಗಿದ್ದು ಬಣ್ಣಕ್ಕಲ್ಲ, ಟ್ರಂಕಿನ ಫೋಟೋ ಹೊತ್ತು ಸ್ಟುಡಿಯೋಗೆ.

“ಕಾಗದದಾಗ ನನಗ ತಿಳೀವಲ್ದಾಗಿತ್ತು” ಎಂದರು ಚಿಕ್ಕಪ್ಪ. ತಪ್ಪು ಮಾಡಿದವರ ದನಿ. “ಬೆಳಕು ಎಲ್ಲಿ ಬೀಳ್ತೈತಿ, ಅತ್ತಿಯವರ ಫೋಟೋ ಎಲ್ಲಿ ಬರಬೇಕು ಅನ್ನೋದು. ಈಗ ತಿಳೀತು.”

ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. “ಗ್ವಾಡಿ ಭಾಳ ಸಣ್ಣದಾತು” ಎಂದರು.

“ನಾಳಿ ಜಾಲಿ ಕಡಿಸ್ತೀನಿ.”

ಕಡಿಸಿದರು. ಅವರನ್ನು ಬಲ್ಲವರು ಇದನ್ನೂ ನಂಬುವುದಿಲ್ಲ. ಮೇಸ್ತ್ರಿಗೆ ಪ್ಲಾನು ತೋರಿಸಿ ಎಂದರೆ ಟೀಪಾಯಿಯ ಮೇಲಿನ ಮನೆಯನ್ನೇ ಎತ್ತಿಕೊಂಡು ಹೋಗಿ ಸೈಟಿನಲ್ಲಿ ಇಟ್ಟರು. ಮಾರನೆಯ ವರ್ಷ ಅಲ್ಲಿ ನಿಜವಾದ ಮನೆ ಎದ್ದಿತು: ಸಪಾಟು ಮಾಳಿಗೆ, ಒಂದು ಬೆಳಕಿಂಡಿ, ಹಸಿರು ಬಾಗಿಲು. ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ಮೊದಲು ಚಿಕ್ಕಪ್ಪ ಚಿಗವ್ವನ ಕೈಗೆ ಸುತ್ತಿಗೆ ಕೊಟ್ಟರು. ಪಡಸಾಲೆಯ ಗೋಡೆಗೆ ಮೊದಲ ಮೊಳೆ ಹೊಡೆದದ್ದು ಚಿಗವ್ವ. ಐವತ್ತು ದಾಟಿದ ಹೆಂಗಸು, ಜೀವನದಲ್ಲಿ ಹೊಡೆದ ಮೊದಲ ಮೊಳೆ. ಎರಡು ಬಾಗಿದವು, ಮೂರನೆಯದು ನಿಂತಿತು. ಅಷ್ಟು ಹೊತ್ತೂ ಚಿಗವ್ವ ಹತ್ತಿ ನಿಂತಿದ್ದ ಹಸಿರು ಸ್ಟೂಲನ್ನು ಚಿಕ್ಕಪ್ಪ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.